ಲೂಲಾಳ ತಡವಾದ ಉತ್ತರ

"ಮದರ್, ಬೇಜಾರ್ ಮಾಡ್ಕೋಬೇಡಿ, ಆದ್ರೆ ನೀವು ತಪ್ಪು ಹಾಡ್ತಿದೀರ."

ಇದನ್ನು ಹೇಳಿದವನು ಡೆವಾನ್, ಪೈನಿ ಗ್ರೋವ್ ಚರ್ಚಿನ ಹಾಡಿನ ಮೇಷ್ಟ್ರು. ಹೇಳಿಸಿಕೊಂಡವಳು ಒಜೆಲ್ಲಾ ಟಾರ್ಪ್ಲಿ, ಎಪ್ಪತ್ತೇಳು ವರ್ಷದವಳು, ಚರ್ಚಿನ ಹಿರಿಯ ತಾಯಿ. ಭಾನುವಾರ ಬಿಳಿ ಉಡುಪು, ಬಿಳಿ ಟೋಪಿ ತೊಟ್ಟು ಮೊದಲ ಬೆಂಚಿನಲ್ಲಿ ಕೂರುವ ಹಕ್ಕಿನವಳು; ಮೆಂಫಿಸ್ಸಿನ ಕರಿಯರ ಆ ಬೀದಿಯವರೆಲ್ಲ 'ಮದರ್' ಎಂದೇ ಕರೆಯುವವಳು. ಬುಧವಾರ ಸಂಜೆಯ ಅಭ್ಯಾಸಕ್ಕೆ ಅವಳನ್ನು ಯಾರೂ ಕರೆದಿರಲಿಲ್ಲ. ಸುಮ್ಮನೆ ಬಂದು, ಪುದೀನಾ ಮಿಠಾಯಿ ಚೀಪುತ್ತ ಕೂತು, ತಡೆಯಲಾರದೆ ಹಾಡಿಗೆ ದನಿಗೂಡಿಸಿದ್ದಳು.

"ಏನ್ ತಪ್ಪು?" ಎಂದಳು.

"ಹಾಡಲ್ಲಿ ಲೂಲಾ ಉತ್ತರ ಕೊಡೋ ಜಾಗ. ನೀವು ಒಂದೊಂದ್ ಸಲ ಒಂದೊಂದ್ ಥರ ಬರ್ತೀರ. ನಾನು ಹಳೇ ರೆಕಾರ್ಡನ್ನ ಕಂಪ್ಯೂಟರಿಗೆ ಹಾಕಿ ಅಳೆದಿದೀನಿ ಮದರ್. ಗಂಡಸು ಕೇಳಿದ ಮೇಲೆ ತಾಳದ ಒಂದೂಮುಕ್ಕಾಲು ಏಟು ಬಿಡ್ಬೇಕು. ಹೆಚ್ಚಿಲ್ಲ, ಕಮ್ಮಿ ಇಲ್ಲ. ಎಣಿಸ್ಕೊಂಡು ಬನ್ನಿ."

"ಎಣಿಸಿದ್ರೆ ಅದು ಬರಲ್ಲ ಮಗಾ."

"ರೆಕಾರ್ಡಲ್ಲಿ ಹಾಗೇ ಇದೆ ಮದರ್," ಎಂದ ಡೆವಾನ್, ಬಹಳ ಮರ್ಯಾದೆಯಿಂದ. ಹಾಡುವ ಹೆಂಗಸರು ಮುಸಿಮುಸಿ ನಕ್ಕರು.

ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದಳಂತೆ! ಆ ರೆಕಾರ್ಡಿನಲ್ಲಿರುವ ಲೂಲಾಳ ದನಿ ಒಜೆಲ್ಲಾಳದ್ದೇ. ಅದು ಗೊತ್ತಿರುವವರು ಈ ಭೂಮಿಯ ಮೇಲೆ ಈಗ ಇಬ್ಬರೇ. ಒಬ್ಬಳು ಇವಳು. ಇನ್ನೊಬ್ಬಳ ಹೆಸರು ಬರುವ ಭಾನುವಾರ, ಪೂಜೆ ಮುಗಿದ ಮೇಲೆ, ಚರ್ಚಿನ ಎದುರಿನ ಮೂಲೆಯಲ್ಲಿ ಕಂಚಿನ ಫಲಕದ ಮೇಲೆ ಹೊಳೆಯಲಿತ್ತು: 'ಎಲ್ಲಿದ್ದೆ ಲೂಲಾ. ಈ ಜಾಗದಲ್ಲಿ ಧ್ವನಿಮುದ್ರಣವಾದ ಹಾಡು, 1951. ಹಾಡಿದವರು ಲೂಥರ್ ಮ್ಯಾಬ್ರಿ, ಡೊರೆತಾ ಸ್ವೈನ್.' ಫಲಕ ನೆಟ್ಟು, ಬಟ್ಟೆ ಹೊದಿಸಿ, ದಾರ ಕಟ್ಟಿ ಆಗಿತ್ತು. ಆ ಬಟ್ಟೆ ಸರಿದರೆ ಮುಗಿಯಿತು. ಕಂಚಿನಲ್ಲಿ ಕೊರೆದದ್ದನ್ನು ಮತ್ತೆ ಅಳಿಸುವವರುಂಟೆ? ಅಷ್ಟರೊಳಗೆ ಒಂದು ಸಲ, ಒಂದೇ ಒಂದು ಸಲ, 'ಅದು ನಾನು' ಎಂದು ಹೇಳಬೇಕು, ಜನ ನಂಬಬೇಕು. ಒಜೆಲ್ಲಾಗೆ ಬೇಕಾದದ್ದು ಇಷ್ಟೇ.

ಹಾಡೇನು ದೊಡ್ಡದಲ್ಲ, ಎರಡೂವರೆ ನಿಮಿಷ. ಗಂಡಸು ಗದರುತ್ತಾನೆ: 'ಎಲ್ಲಿದ್ದೆ ಲೂಲಾ, ಶನಿವಾರ ರಾತ್ರಿಯೆಲ್ಲ?' ಪಿಯಾನೊ ನಿಲ್ಲುತ್ತದೆ, ಡ್ರಮ್ಮು ನಿಲ್ಲುತ್ತದೆ. ಇವಳು ಇನ್ನು ಬಾಯಿ ಬಿಡುವುದೇ ಇಲ್ಲ ಅನ್ನುವಷ್ಟರಲ್ಲಿ ಲೂಲಾ ರಾಗ ಎಳೆದು ಹೇಳುತ್ತಾಳೆ: 'ಚರ್ಚಲ್ಲಿದ್ದೆ ಕಣೋ.' ಅಷ್ಟೇ. ಆ ತಡದಲ್ಲಿ ಸುಳ್ಳು ಹುಟ್ಟುವುದು ಕಿವಿಗೆ ಕೇಳಿಸುತ್ತದೆ ಎಂದು ದೇಶಕ್ಕೆ ದೇಶವೇ ಬಿದ್ದು ಬಿದ್ದು ನಕ್ಕಿತು. ಆಮೇಲೆ ಬಿಳಿಯರ ಹುಡುಗರು ಗಿಟಾರು ಹಿಡಿದು ಅದನ್ನೇ ಹಾಡಿದರು, ಸಮುದ್ರದಾಚೆಯವರೂ ಹಾಡಿದರು. ಈಗಲೂ ಫುಟ್‌ಬಾಲ್ ಮೈದಾನದಲ್ಲಿ ಅರ್ಧ ಜನ ಕೇಳುವುದು, ಇನ್ನರ್ಧ ಜನ ತಡೆದು ಉತ್ತರಿಸುವುದು. ಹಗ್ಗ ಜಿಗಿಯುವ ಹುಡುಗಿಯರಿಗೂ ಅದೇ ಹಾಡು, ಟೈರು ಮಾರುವವರಿಗೂ ಅದೇ ಹಾಡು. ಕಾಲೇಜಿನ ಪಂಡಿತನೊಬ್ಬ ಆ ತಡದ ಮೇಲೆ ನಲವತ್ತು ಪುಟ ಬರೆದು ಹೊಗಳಿಸಿಕೊಂಡನಂತೆ.

ಹೋದ ಚಳಿಗಾಲ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒಜೆಲ್ಲಾ ಬಾಯಿ ತೆಗೆದು ಒರಗಿದ್ದಾಗ ಗೋಡೆಯ ರೇಡಿಯೊದಲ್ಲಿ ಅವಳದೇ ದನಿ ಬಂತು. "ಹಳೇ ಹಾಡು ಅಂದ್ರೆ ಇಷ್ಟಾನಾ ಅಜ್ಜಿ?" ಎಂದು ಡಾಕ್ಟರು ಕೇಳಿದ. ಬಾಯೊಳಗೆ ಅವನ ಎರಡು ಬೆರಳು, ಒಂದು ಕೊಳವೆ. "ಆಂ," ಎಂದಷ್ಟೇ ಹೇಳಲಿಕ್ಕಾಯಿತು. ಮನೆಗೆ ಬಂದು ಮೈ ಪರಚಿಕೊಳ್ಳುವುದೊಂದು ಬಾಕಿ.

ಅಸಲಿಗೆ ಆ ತಡ ಯಾರೂ ಕುಶಾಲಿಗೆ ಮಾಡಿದ್ದಲ್ಲ. ಒಜೆಲ್ಲಾಳ ಅಪ್ಪ ಏಮಸ್ ಗೈಲ್ಸ್ ಇದೇ ಚರ್ಚಿನ ಡೀಕನ್, ಅಂದರೆ ಸಭೆ ನಡೆಸುವ, ಹಾಡಿಗೆ ಸಾಲು ಕೊಡುವ ಹಿರಿಯ. ಹಾಡಿನ ಪುಸ್ತಕ ಕೊಳ್ಳಲಾಗದ, ಕೊಂಡರೂ ಓದಲು ಬಾರದ ಹಿಂದಿನವರಿಂದ ಬಂದ ಪದ್ಧತಿ ಅದು. ಹಿರಿಯ ಎದ್ದು ನಿಂತು ಒಂದು ಸಾಲು ಹೇಳುತ್ತಾನೆ. ಅವನ ಕೊನೆಯ ಅಕ್ಷರ ಹಿಂದಿನ ಗೋಡೆ ಮುಟ್ಟುವವರೆಗೆ ಸಭೆ ಕಾಯುತ್ತದೆ. ಆಮೇಲೆ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡು ಅದೇ ಸಾಲನ್ನು ನಿಧಾನಕ್ಕೆ ಎಳೆದೆಳೆದು ಹಾಡುತ್ತಾರೆ. ಅವಸರ ಮಾಡಿದ ಮಕ್ಕಳ ತಲೆಗೆ ಹಿಂದೆ ಕೂತ ಮುದುಕಿಯರ ಬೀಸಣಿಗೆಯ ಏಟು ಬೀಳುತ್ತಿತ್ತು. ಹದಿನೇಳು ವರ್ಷದ ಒಜೆಲ್ಲಾಗೆ ಸಂಗೀತವೆಂದರೆ ಗೊತ್ತಿದ್ದದ್ದು ಒಂದೇ: ಗಂಡಸು ಸಾಲು ಕೊಟ್ಟರೆ ಕಾಯಬೇಕು.

ಅವಳ ಗೆಳತಿ ಡೊರೆತಾಗೆ ಭಯಭಕ್ತಿ ಎರಡೂ ಇರಲಿಲ್ಲ. ಲೂಥರನ ಹಾಡಿಗೆ ಲೂಲಾ ಆಗುತ್ತೇನೆಂದು ಒಪ್ಪಿಕೊಂಡು, ಸರಿಯಾಗಿ ಆ ದಿನವೇ ಗಂಟಲು ಕಟ್ಟಿಸಿಕೊಂಡು ಕೂತಳು. "ನೀನೇ ಬಾರೇ, ಒಂದೇ ಸಾಲು, ಐದೇ ನಿಮಿಷ," ಎಂದು ಪಿಸುಗುಟ್ಟಿ ಒಜೆಲ್ಲಾಳನ್ನು ಚರ್ಚಿನ ಎದುರು ಮೂಲೆಯಲ್ಲಿದ್ದ ರೇಡಿಯೊ ರಿಪೇರಿ ಅಂಗಡಿಯ ಹಿಂಗೋಣೆಗೆ ಎಳೆದೊಯ್ದಳು. ಅವಳನ್ನು ಮೈಕಿನ ಮುಂದೆ ನಿಲ್ಲಿಸಿದರು. ಲೂಥರ್ ಕೇಳಿದ. ಅವಳು ಕಾದಳು, ಉಸಿರೆಳೆದುಕೊಂಡಳು, ಉತ್ತರ ಕೊಟ್ಟಳು. "ತಡ ಆಯ್ತು," ಎಂದ ರೆಕಾರ್ಡು ಯಂತ್ರದವನು. ಮೂರು ಸಲ ಮಾಡಿಸಿದ, ಮೂರು ಸಲವೂ ತಡ. ನಾಲ್ಕನೆಯದಕ್ಕೆ ಲೂಥರ್ ನಗು ತಡೆಯಲಾರದೆ ನೆಲಕ್ಕೆ ಕೂತ. "ಮುಟ್ಬೇಡ್ರೋ ಅದನ್ನ! ಹಾಗೇ ಇರ್ಲಿ!" ಎಂದು ಕೂಗಿದ. ಅವರೆಲ್ಲ ಯಾಕೆ ನಕ್ಕರೆಂಬುದು ಒಜೆಲ್ಲಾಗೆ ತಿಳಿಯಲು ಆರು ತಿಂಗಳು ಬೇಕಾಯಿತು.

"ನನ್ನ ಹೆಸರು ಹಾಕ್ಬೇಡಿ, ಅಪ್ಪ ಚರ್ಮ ಸುಲೀತಾನೆ," ಎಂದು ಅತ್ತವಳೂ ಅವಳೇ. ಹಾಗಾಗಿ ಡೊರೆತಾಳ ಹೆಸರು ಬಿತ್ತು. ಹಾಡು ಓಡಿತು, ಓಡಿ ಡೀಕನ್ ಏಮಸನ ಕಿವಿಗೂ ಹೋಯಿತು. ದೇವರ ಮನೆಯ ಹೆಸರು ಹೇಳಿ ಹಾದರದ ಸುಳ್ಳು ಹಾಡಿದ್ದಾಳೆಂದು ಸಭೆ ಕೂಡಿಸಿ ಡೊರೆತಾಳನ್ನು ಹಿಂದಿನ ಬೆಂಚಿಗೆ ಹಾಕಿದರು. ಹಿಂದಿನ ಬೆಂಚೆಂದರೆ ಅಂದಿನವರಿಗೆ ಗೊತ್ತು. ಅಲ್ಲಿ ಕೂತವರು ಹಾಡುವಂತಿಲ್ಲ, ಪ್ರಸಾದದಂತೆ ಹಂಚುವ ದ್ರಾಕ್ಷಾರಸದ ಬಟ್ಟಲು ಆ ಸಾಲಿಗೆ ಬರುವುದಿಲ್ಲ, ಪಕ್ಕದಲ್ಲಿ ಯಾರೂ ಕೂರುವಂತಿಲ್ಲ. ತಾವಾಗಿ ಎದ್ದು ಎಲ್ಲರೆದುರು 'ತಪ್ಪಾಯ್ತು' ಎನ್ನುವವರೆಗೆ ಅಲ್ಲೇ. ಡೊರೆತಾ 'ತಪ್ಪಾಯ್ತು' ಎನ್ನಲಿಲ್ಲ. 'ನಾನಲ್ಲ' ಎಂದೂ ಎನ್ನಲಿಲ್ಲ. ಹನ್ನೊಂದು ತಿಂಗಳು ಕೂತು, ಆಮೇಲೆ ಲೂಥರನ ತಂಡದ ಬಸ್ಸು ಹತ್ತಿದಳು. ಇಪ್ಪತ್ತು ವರ್ಷ ಊರೂರು ತಿರುಗಿ ಲೂಲಾ ಆದಳು. ಇಷ್ಟಾಗಿ ಆ ತಡ ಅವಳಿಗೆ ಒಂದು ದಿನವೂ ಬರಲಿಲ್ಲ ನೋಡಿ. ಸೊಂಟ ಕುಣಿಸಿ ಥಟ್ಟನೆ ಉತ್ತರ ಕೊಡುತ್ತಿದ್ದಳು. ಸೊಂಟ ನೋಡಲು ಬಂದವರಿಗೆ ತಡ ಯಾಕೆ?

ಅಪ್ಪ ಹೋಗಲಿ, ಹೇಳುತ್ತೇನೆ ಎಂದುಕೊಂಡಳು ಒಜೆಲ್ಲಾ. ಅಪ್ಪ ಹೋದ; ಅಷ್ಟರಲ್ಲಿ ಗಂಡ ಡೀಕನ್ ಆಗಿದ್ದ. ಗಂಡ ಹೋದ, ಅಷ್ಟರಲ್ಲಿ ಇವಳೇ ಚರ್ಚಿನ ತಾಯಿ. ಈಗ ನೋಡಿದರೆ ಚರ್ಚೇ ಬದಲಾಗಿದೆ. ಯಾವ ಹಾಡಿಗೆ ಡೊರೆತಾಳನ್ನು ಹಿಂದಕ್ಕೆ ದೂಡಿದರೋ ಅದನ್ನೇ ಫಲಕದ ಮುಂದೆ ಹಾಡಲು ಚರ್ಚಿನವರೇ ಅಭ್ಯಾಸ ಮಾಡುತ್ತಿದ್ದಾರೆ, ಅದೂ ಎಣಿಸಿಕೊಂಡು! ಈಗ ಬಾಯಿ ಬಿಡುವುದೆಂದರೆ ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎಂದು ಅವಳಿಗೂ ಗೊತ್ತು. ಆದರೆ ಹೊಟ್ಟೆಯ ಉರಿ ಕೇಳಬೇಕಲ್ಲ.

ಗುರುವಾರ ಗೆಣಸಿನ ಪೈ ಕಟ್ಟಿಕೊಂಡು, ಎರಡು ಬಸ್ಸು ಬದಲಿಸಿ, ಡೊರೆತಾ ಇರುವ ವೃದ್ಧರ ಮನೆಗೆ ಹೋದಳು. ಡೊರೆತಾ ಗಾಲಿ ಕುರ್ಚಿಯಲ್ಲಿದ್ದಳು. ಕಾಲು ಹೋಗಿತ್ತು, ನಾಲಗೆ ಹೋಗಿರಲಿಲ್ಲ. ತಲೆಗೆ ಕೆಂಗಂದು ಚೌರಿ, ಉಗುರಿಗೆ ಕೆಂಪು ಬಣ್ಣ.

"ಓಹೋ, ಮದರ್ ಟಾರ್ಪ್ಲಿ! ಪೈ ತಂದಿದೀಯ ಅಂದ್ರೆ ಏನೋ ಕೆಲಸ ಇದೆ. ಮೊದ್ಲು ತಿಂತೀನಿ, ಆಮೇಲೆ ಹೇಳು."

ತಿಂದು ಮುಗಿಯುವವರೆಗೂ ಒಜೆಲ್ಲಾ ಕಾದಳು. ಕಾಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಆಮೇಲೆ ಒಂದೇ ಉಸಿರಿಗೆ ಹೇಳಿದಳು: "ಭಾನುವಾರ ಬಟ್ಟೆ ಸರಿಸೋ ಮೊದ್ಲು ನೀನು ಹೇಳ್ಬಿಡು ಡೊರೆತಾ. ಆ ದನಿ ನಂದು ಅಂತ. ನಿನ್ನ ಮಾತು ನಂಬ್ತಾರೆ. ಎರಡು ಹೆಸರಿರೋ ಕಡೆ ಮೂರು ಹಾಕ್ಲಿ."

ಡೊರೆತಾ ಚಮಚ ಕೆಳಗಿಟ್ಟಳು. "ನಾ ಹೇಳಲ್ಲ."

"ಯಾಕೆ?"

"ಹೆಸರು ಬೇಕಾ? ತಗೋ, ಬೇಡ ಅಂದೋರ್ಯಾರು? ಆದ್ರೆ ಹೆಸರಿನ ಜತೆ ಬಂದಿದ್ದೂ ತಗೊಳ್ತೀಯಾ? ಹನ್ನೊಂದು ತಿಂಗಳು ಕಣೇ. ಆ ಬೆಂಚಿಗೆ ಒಂದು ಚಕ್ಕೆ ಎದ್ದಿತ್ತು, ತೊಡೆಗೆ ಚುಚ್ತಿತ್ತು. ಪ್ರತಿ ಭಾನುವಾರ ನಿಮ್ಮಪ್ಪ ನನ್ನ ಕಡೆ ಬೆರಳು ತೋರ್ಸಿ ಪ್ರಾರ್ಥನೆ ಮಾಡ್ತಿದ್ದ. ನಾ ಒಂದು ದಿನ ನಿನ್ನ ಹೆಸರೆತ್ತಿದ್ನಾ?"

"ಇಲ್ಲ."

"ಆ ಹನ್ನೊಂದು ತಿಂಗಳೊಳಗೇ, ಏಪ್ರಿಲಲ್ಲಿ, ನಮ್ಮವ್ವ ಸತ್ಲು. ಹೆಣದ ಪೆಟ್ಟಿಗೆ ಮುಂದೆ ಇತ್ತು, ನಾನು ಹಿಂದೆ. ಹೆತ್ತ ಮಗಳು, ಮುಖ ನೋಡೋಕೆ ಮುಂದೆ ಬಿಡ್ಲಿಲ್ಲ. ನೀವೆಲ್ಲ ಸೇರಿ ಹಾಡಿದ್ರಿ, ನಿಂದೇ ಎಲ್ಲರಿಗಿಂತ ದೊಡ್ಡ ದನಿ. ನಾ ನಿನ್ನ ಬೆನ್ನನ್ನೇ ನೋಡ್ತಾ ಕೂತಿದ್ದೆ. ಒಂದ್ಸಲ ತಿರುಗ್ತಾಳೆ, ಒಂದ್ಸಲ ಎದ್ದು ನನ್ನ ಪಕ್ಕ ಬರ್ತಾಳೆ ಅಂತ. ಎಲ್ಲಿದ್ದೆ ನೀನು ಅವತ್ತು?"

ಹೊರಗೆ ಯಾರೋ ಊಟದ ಗಾಡಿ ತಳ್ಳಿಕೊಂಡು ಹೋದರು. ಕಡೆಗೆ ಒಜೆಲ್ಲಾಳ ಬಾಯಿಂದ ಬಂದದ್ದು ಇಷ್ಟೇ: "ಚರ್ಚಲ್ಲೇ ಇದ್ದೆ."

"ನೋಡಿದ್ಯಾ," ಎಂದಳು ಡೊರೆತಾ. ನಗಲಿಲ್ಲ. "ತಡ ಅಂದ್ರೆ ಅದು. ನಿಂಗೆ ಬಂದ ಹಾಗೆ ನಂಗೆ ಅದು ಜನ್ಮದಲ್ಲಿ ಬರಲ್ಲ. ಹೋಗು, ನೀನೇ ಹೇಳ್ಕೋ. ನಿಂಗೇನು ಬಾಯಿಲ್ವಾ?"

ವಾಪಸು ಬರುವಾಗ ಒಜೆಲ್ಲಾ ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ತನ್ನನ್ನೇ ಬೈದುಕೊಂಡಳು, ಡೊರೆತಾಳನ್ನೂ ಬೈದಳು, ಸತ್ತ ಅಪ್ಪನನ್ನಂತೂ ಹೆಸರು ಹಿಡಿದು ಬೈದಳು. ಮುಂದಿನ ಸೀಟಿನವಳ ಫೋನು ಬಡಿದುಕೊಂಡಿತು: 'ಎಲ್ಲಿದ್ದೆ ಲೂಲಾ?' ಆ ಹೆಂಗಸು ಉತ್ತರ ಬರುವ ಮೊದಲೇ ಗುಂಡಿ ಒತ್ತಿ ಮಾತಿಗೆ ತೊಡಗಿದಳು.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಡೊರೆತಾಳನ್ನು ಗಾಲಿ ಕುರ್ಚಿಯಲ್ಲೇ ತಂದು ಎಲ್ಲರ ಮುಂದೆ, ಒಜೆಲ್ಲಾಳ ಬೆಂಚಿನ ಪಕ್ಕಕ್ಕೆ ನಿಲ್ಲಿಸಿದರು; ಕೊರಳಿಗೆ ರಿಬ್ಬನ್ನು, ಎದೆಗೆ ಹೂವು. ಅರವತ್ತು ವರ್ಷದ ಕೆಳಗೆ ಅವಳನ್ನು ಹಿಂದಕ್ಕೆ ದೂಡಿದ ಚರ್ಚೇ ಇದು ಎಂದು ನೆನಪಿಸಿಕೊಳ್ಳಲು ಅಲ್ಲಿ ಯಾರಿದ್ದರು? ನೆನಪಿದ್ದವರೆಲ್ಲ ಸ್ಮಶಾನದಲ್ಲಿದ್ದರು. ಸಾಕ್ಷಿ ಹೇಳುವ ಹೊತ್ತು ಬಂತು. ಮೈಮೇಲಿನ ಕಷ್ಟವೋ ದೇವರ ಉಪಕಾರವೋ, ಮನಸ್ಸಿನಲ್ಲಿರುವುದನ್ನು ಎದ್ದು ನಿಂತು ಹೇಳುವ ಹೊತ್ತು ಅದು. ಒಜೆಲ್ಲಾ ಎದ್ದು ನಿಂತಳು.

"ನಾನೊಂದು ಮಾತು ಹೇಳ್ಬೇಕು."

"ಹೇಳಿ ಮದರ್!" ಎಂದಿತು ಸಭೆ. ಡೆವಾನ್ ಆರ್ಗನ್ನಿನ ಮೇಲೆ ಮೆಲ್ಲಗೆ ಬೆರಳಿಟ್ಟ.

"ಆ ಹಾಡಲ್ಲಿರೋ ದನಿ ನಂದು."

"ಆಮೆನ್!"

"ಅಲ್ಲ, ನಿಜವಾಗ್ಲೂ ನಂದು."

"ನಿಜ! ನಿಜ!" ಆರ್ಗನ್ ಒಂದು ಮೆಟ್ಟಿಲು ಏರಿತು.

"ಲೂಲಾ ನಾನೇ ಕಣ್ರಪ್ಪಾ!"

"ನಾವೆಲ್ಲ ಲೂಲಾಗಳೇ ಮದರ್!" ಎಂದು ಯಾರೋ ಕೂಗಿದರು. "ನಾವೆಲ್ಲ ದೇವರಿಗೆ ಸುಳ್ಳು ಹೇಳಿದೋರೇ!" ಅರ್ಧ ಚರ್ಚು ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಹಾಡುವ ಹೆಂಗಸರು ಕಣ್ಣೊರೆಸಿಕೊಂಡರು.

"ಅಯ್ಯೋ, ಬಾಯಿ ಮುಚ್ಚಿ ಕೇಳ್ರೋ! ಸಾವಿರದ ಒಂಬೈನೂರ ಐವತ್ತೊಂದರಲ್ಲಿ ನಾನು..."

"ಕೇಳ್ತಿದೀವಿ ಮದರ್! ಹೇಳಿ!"

ಆರ್ಗನ್ನಿನ ಅಬ್ಬರಕ್ಕೆ ಮುಂದಿನದು ಅವಳಿಗೇ ಕೇಳಿಸಲಿಲ್ಲ. ಪಾದ್ರಿ ಇಳಿದು ಬಂದು ಅವಳ ಎರಡೂ ಕೈ ಹಿಡಿದು, "ಮದರ್, ನಾನು ನಲವತ್ತು ನಿಮಿಷ ಹೇಳ್ಬೇಕು ಅಂತಿದ್ದ ಉಪದೇಶನ ನೀವು ಒಂದೇ ಮಾತಲ್ಲಿ ಹೇಳ್ಬಿಟ್ರಿ," ಎಂದ. ಅವನ ಕಣ್ಣಲ್ಲಿ ನಿಜವಾದ ನೀರಿತ್ತು. ಒಜೆಲ್ಲಾಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಸತ್ಯ ಹೇಳಲು ಅರವತ್ತು ವರ್ಷ ಕಾದು, ಹೇಳಿದರೆ ಕೈಗೆ ಸಿಕ್ಕಿದ್ದು ಚಪ್ಪಾಳೆ!

ಅವಳು ಕೈ ಬಿಡಿಸಿಕೊಂಡಳು. ಕೈಚೀಲ ತೆಗೆದುಕೊಂಡಳು. ಎಲ್ಲರೂ ನೋಡುತ್ತಿರುವಂತೆ ನಡುವಿನ ದಾರಿಯಲ್ಲಿ ನಡೆದು, ಕಟ್ಟಕಡೆಯ ಬೆಂಚಿಗೆ ಹೋಗಿ, ಯಾರದೋ ಛತ್ರಿ ಸರಿಸಿ ಕೂತಳು. ಇನ್ನಾದರೂ ತಿಳಿಯಲಿ ಎಂದುಕೊಂಡಳು. ಚರ್ಚಿನ ತಾಯಿ ತಾನಾಗಿ ಹಿಂದಿನ ಬೆಂಚಿಗೆ ಬಂದರೆ ಅದರರ್ಥ ಏನೆಂದು ಕೂಸಿಗೂ ತಿಳಿಯಬೇಕು.

ತಕ್ಷಣ ಸೇವೆಯ ಹೆಂಗಸು ನೋಲಾ ನೀರಿನ ಲೋಟ, ಬೀಸಣಿಗೆ ಹಿಡಿದು ಓಡಿ ಬಂದಳು. "ಏನಾಯ್ತು ಮದರ್? ಶುಗರ್ ಇಳೀತಾ?"

"ಹಿಂದಿನ ಬೆಂಚಿಗೆ ಬಂದಿದೀನಿ ಕಣೇ."

"ಒಳ್ಳೇದಾಯ್ತು ಬಿಡಿ, ಮುಂದೆ ಏಸಿ ತಣ್ಣಗೆ ಕೊರೆಯತ್ತೆ. ಇಲ್ಲಿ ಬೆಚ್ಚಗಿದೆ," ಎಂದು ನೋಲಾ ಅವಳ ಬೆನ್ನಿಗೊಂದು ದಿಂಬು ಕೊಟ್ಟಳು.

ಅದು ತಿಂಗಳ ಮೊದಲ ಭಾನುವಾರ. ದ್ರಾಕ್ಷಾರಸದ ಪುಟ್ಟ ಬಟ್ಟಲುಗಳ ತಟ್ಟೆ ಸಾಲು ಸಾಲಾಗಿ ಹಿಂದಕ್ಕೆ ಬಂತು; ಈಗ ಎಲ್ಲ ಸಾಲಿಗೂ ಬರುತ್ತದೆ. ಒಜೆಲ್ಲಾ ಮುಟ್ಟಲಿಲ್ಲ. ತಟ್ಟೆಯನ್ನು ಹಾಗೇ ಪಕ್ಕಕ್ಕೆ ದಾಟಿಸಿ ಕೈ ಕಟ್ಟಿ ಕೂತಳು. "ಶುಗರೇ ಇರ್ಬೇಕು," ಎಂದು ನೋಲಾ ಪಕ್ಕದವಳ ಕಿವಿಯಲ್ಲಿ ಹೇಳಿದಳು. ಇವರಿಗೆ ಯಾವ ಭಾಷೆಯಲ್ಲಿ ಹೇಳಬೇಕು ದೇವರೇ ಎಂದು ಒಜೆಲ್ಲಾ ಕಣ್ಣು ಮುಚ್ಚಿಕೊಂಡಳು.

ತಟ್ಟೆ ದಾಟಿಸಿದ್ದನ್ನು ಕುರ್ಚಿ ತಿರುಗಿಸಿಕೊಂಡು ನೋಡುತ್ತಿದ್ದವಳು ಒಬ್ಬಳಿದ್ದಳು. "ನನ್ನ ಹಿಂದಕ್ಕೆ ತಳ್ಳು," ಎಂದಳು ಡೊರೆತಾ, ನೋಲಾಳನ್ನು ಕರೆದು.

"ನಿಮ್ಮ ಜಾಗ ಇಲ್ಲೇ ಅಲ್ವಾ ಮೇಡಂ? ಫೋಟೋ..."

"ಹಿಂದಕ್ಕೆ ಅಂದ್ರೆ ಹಿಂದಕ್ಕೆ. ಕಿವಿ ಕೇಳಲ್ವಾ ನಿಂಗೆ? ದಾರಿ ನಂಗೆ ಗೊತ್ತು, ತಳ್ಳೋದಷ್ಟೇ ನಿನ್ ಕೆಲಸ."

ಕುರ್ಚಿ ಬಂದು ಕಡೆಯ ಬೆಂಚಿನ ಮಗ್ಗುಲಿಗೆ ನಿಂತಿತು. ಡೊರೆತಾ ಬೆಂಚಿನ ಅಂಚನ್ನು ಕೆಂಪು ಉಗುರಿನಿಂದ ಮುಟ್ಟಿ ನೋಡಿದಳು. "ಬೆಂಚು ಬದಲಾಯಿಸಿದಾರೆ," ಎಂದಳು. "ಮೆತ್ತೆ ಬೇರೆ ಹಾಕಿದಾರೆ." ಪೂಜೆ ಮುಗಿಯುವವರೆಗೂ ಇಬ್ಬರೂ ಅಕ್ಕಪಕ್ಕ ಕೂತಿದ್ದರು.

ಜನವೆಲ್ಲ ಹೊರಗೆ ನುಗ್ಗಿತು. ಡೆವಾನ್ ಏದುಸಿರು ಬಿಡುತ್ತ ಬಂದ. "ಮೇಡಂ, ನೀವು ಬಟ್ಟೆ ಎಳೀಬೇಕು, ಎಲ್ಲ ಕಾಯ್ತಿದಾರೆ."

"ನೀನೇ ಎಳಿ ಮಗಾ. ನಾವು ಇಲ್ಲೇ ಇರ್ತೀವಿ."

ಅವನು ಇಬ್ಬರ ಮುಖವನ್ನೂ ನೋಡಿದ. ಏನೂ ತಿಳಿಯದೆ ಹೋದ. ಹೊರಗೆ ಹಾಡು ಶುರುವಾಯಿತು, ಎಲ್ಲಿದ್ದೆ ಲೂಲಾ ಎಂದು ಗಂಡಸರು ಕೇಳಿದರು, ಒಂದೂಮುಕ್ಕಾಲು ಏಟು ಎಣಿಸಿ ಹೆಂಗಸರು ಉತ್ತರ ಕೊಟ್ಟರು. ತಪ್ಪಿಲ್ಲದೆ ಹಾಡಿದರು, ಅದರಲ್ಲಿ ಉಸಿರಿರಲಿಲ್ಲ. ಆಮೇಲೆ ಜನ ಹೋ ಎಂದು ಕೂಗಿದ್ದು ಕೇಳಿಸಿತು, ಬಟ್ಟೆ ಸರಿದಿರಬೇಕು. ಫಲಕದ ಮೇಲೆ ಎರಡೇ ಹೆಸರು ಇದ್ದವು, ಇವತ್ತಿಗೂ ಎರಡೇ ಇವೆ.

ಡೊರೆತಾ ಎದುರಿನ ಖಾಲಿ ಬೆಂಚುಗಳನ್ನೇ ನೋಡುತ್ತ ಕೇಳಿದಳು: "ಎಲ್ಲಿದ್ದೆ ಒಜೆಲ್ಲಾ, ಅರವತ್ತು ವರ್ಷ?"

ಈ ಸಲ ಒಜೆಲ್ಲಾ ಕಾಯಲಿಲ್ಲ, ಉಸಿರನ್ನೂ ಎಳೆದುಕೊಳ್ಳಲಿಲ್ಲ.

"ಮುಂದಿನ ಬೆಂಚಲ್ಲಿ," ಎಂದಳು. "ತಪ್ಪಾಯ್ತು ಕಣೇ."

ಡೊರೆತಾ ಬೆಂಚಿನ ಮೆತ್ತೆಯನ್ನು ಉಗುರಿನಿಂದ ಮೆಲ್ಲಗೆ ಸವರಿದಳು. ಆಮೇಲೆ ಅಂಗೈ ಚಾಚಿ, "ನಿನ್ನ ಚೀಲದಲ್ಲಿ ಪುದೀನಾ ಮಿಠಾಯಿ ಇದ್ರೆ ಒಂದು ಕೊಡು," ಎಂದಳು.